ಗುಳಿಗೆ ಮುಟ್ಟದ ಊರಿಗೆ ಆ್ಯಪ್ ಯಾಕೆ?

ಸಕ್ಕರೆ ಕಾಯಿಲೆಯ ಹತೋಟಿ ಇನ್ನು ಮೊಬೈಲಿನ ಕೈಯಲ್ಲಿದೆ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುತ್ತಿಲ್ಲ. ನವೆಂಬರ್ 14ರ ವಿಶ್ವ ಮಧುಮೇಹ ದಿನ ಬಂತೆಂದರೆ ವೇದಿಕೆ ಮೇಲೆ ಕೇಳಿಬರುವುದು ಅದೇ ವಾದ. ಮನೆಮನೆಗೂ ಸ್ಮಾರ್ಟ್‌ಫೋನ್ ಬಂದಿದೆ, ಡೇಟಾ ಅಗ್ಗವಾಗಿದೆ. ರೋಗಿ ತನ್ನ ಶುಗರ್ ಎಷ್ಟಿದೆ ಎಂದು ಆ್ಯಪಿಗೆ ತುಂಬಲಿ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ಆ್ಯಪ್ ಹೇಳಲಿ. ವೈದ್ಯರು ಕುಳಿತಲ್ಲೇ ನೋಡಿ ಸಲಹೆ ಕೊಡಲಿ. ತಜ್ಞ ವೈದ್ಯರಿಲ್ಲದ ಹಳ್ಳಿಗೆ ಇದಕ್ಕಿಂತ ಅಗ್ಗದ ದಾರಿ ಇನ್ನೇನಿದೆ ಎಂದು ಕೇಳುತ್ತಾರೆ. ಅಧಿಕಾರಿಗಳು ತಲೆದೂಗುತ್ತಾರೆ, ಕಂಪನಿಗಳು ಹಣ ಹೂಡುತ್ತವೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ.

ಈ ವಾದ ತಪ್ಪು. ಬೆಳಗಾವಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಸೆರಗಿನಲ್ಲಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಪಾಲಿಗಂತೂ ಇದು ಅಪಾಯದ ವಾದ. ಮಲಪ್ರಭೆಯ ದಂಡೆಯ ಈ ಊರುಗಳಲ್ಲಿ ಶುಗರ್ ಎಂಬುದು ಈಗ ಸಾಹುಕಾರರ ರೋಗವಾಗಿ ಉಳಿದಿಲ್ಲ. ಕಬ್ಬು ಕಡಿಯುವವರಿಗೂ ಇದೆ, ರಾಮದುರ್ಗದ ಮಗ್ಗದ ಮುಂದೆ ದಿನವಿಡೀ ಕೂರುವ ನೇಕಾರರಿಗೂ ಇದೆ, ಬೈಲಹೊಂಗಲದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೂ ಇದೆ. ಇವರಿಗೆ ಬೇಕಾದದ್ದು ತಪ್ಪದೆ ಸಿಗುವ ಗುಳಿಗೆ, ಕಾಲು ಮುಟ್ಟಿ ನೋಡುವ ನರ್ಸ್, ಕಣ್ಣು ಪರೀಕ್ಷಿಸುವ ಯಂತ್ರ. ಈ ಮೂರನ್ನೂ ಬದಿಗಿಟ್ಟು ಆ್ಯಪ್ ಹಂಚುವವರು ಸರಕಾರದ ಹೊಣೆಯನ್ನು ರೋಗಿಯ ಕಿಸೆಗೆ ವರ್ಗಾಯಿಸುತ್ತಿದ್ದಾರೆ.

ರೋಗದ ಅಳತೆ ಎಲ್ಲರಿಗೂ ಗೊತ್ತಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹಳ್ಳಿಗಳಲ್ಲಿ ವಯಸ್ಕರ ಪೈಕಿ ಶೇ 8.9ರಷ್ಟು ಮಂದಿಗೆ ಈ ಕಾಯಿಲೆ. ಇದೇ ಸಮೀಕ್ಷೆಯ ಇನ್ನೊಂದು ಭಾಗ 2022ರಲ್ಲಿ ಹೊರಬಂತು, ಅದು ಇನ್ನೂ ಕಟುವಾಗಿದೆ. ಮಧುಮೇಹ ಇದೆಯೆಂದು ಗೊತ್ತಿರುವವರಲ್ಲೂ ಸಕ್ಕರೆ ಹತೋಟಿಯಲ್ಲಿದ್ದವರು ಶೇ 36.3 ಮಾತ್ರ. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಮೂರೂ ಹತೋಟಿಯಲ್ಲಿದ್ದವರು ಶೇ 7.7. ನೂರರಲ್ಲಿ ತೊಂಬತ್ತೆರಡು ಮಂದಿಯ ಕೈಗೆ ಪೂರ್ತಿ ಚಿಕಿತ್ಸೆಯ ಫಲ ಸಿಕ್ಕಿಲ್ಲ ಎಂದಾಯಿತು. ಈ ಸೋಲಿಗೆ ಮೊಬೈಲ್ ಇಲ್ಲದಿರುವುದು ಕಾರಣವೇ?

ಆ್ಯಪ್ ಪರ ಮಾತಾಡುವವರು ಪುರಾವೆ ಇದೆ ಎನ್ನುತ್ತಾರೆ. ಪುರಾವೆಯನ್ನೇ ನೋಡೋಣ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಬಿಪಿ, ಶುಗರ್ ಇದ್ದ ಸುಮಾರು 3,700 ರೋಗಿಗಳು ಅದರಲ್ಲಿದ್ದರು. ಅರ್ಧದಷ್ಟು ಕೇಂದ್ರಗಳಲ್ಲಿ ನರ್ಸ್ ಕೈಗೆ ಟ್ಯಾಬ್ಲೆಟ್ ಕೊಟ್ಟರು. ರೋಗಿಯ ವಿವರ ತುಂಬಿದರೆ ಯಾವ ಮಾತ್ರೆ, ಎಷ್ಟು ಪ್ರಮಾಣ ಎಂದು ಅದು ಸೂಚಿಸುತ್ತಿತ್ತು, ರೋಗಿಗೆ ಎಸ್‌ಎಂಎಸ್ ನೆನಪೋಲೆ ಕಳಿಸುತ್ತಿತ್ತು. ಉಳಿದ ಕೇಂದ್ರಗಳಲ್ಲಿ ಆ ವ್ಯವಸ್ಥೆ ಇರಲಿಲ್ಲ, ಆದರೆ ಸಿಬ್ಬಂದಿಗೆ ತರಬೇತಿ ಇತ್ತು, ಚಿಕಿತ್ಸೆಯ ಮಾರ್ಗದರ್ಶಿ ಪಟ್ಟಿ ಇತ್ತು. ಒಂದು ವರ್ಷದ ನಂತರ ಎರಡೂ ಗುಂಪಿನಲ್ಲಿ ಬಿಪಿ ಇಳಿದಿತ್ತು, ಸಕ್ಕರೆಯೂ ಇಳಿದಿತ್ತು. ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಆರೋಗ್ಯ ಇಲಾಖೆಯ ಪ್ರತಿ ಕಚೇರಿಯ ಗೋಡೆಗೆ ಅಂಟಿಸಬೇಕು. ತರಬೇತಿ ಪಡೆದ ನರ್ಸ್ ಇದ್ದಲ್ಲಿ ರೋಗಿ ಸುಧಾರಿಸಿದ. ಆಕೆಯ ಕೈಯಲ್ಲಿ ಟ್ಯಾಬ್ಲೆಟ್ ಇದ್ದರೂ ಅಷ್ಟೇ, ಇರದಿದ್ದರೂ ಅಷ್ಟೇ.

ಬೆಳಗಾವಿ ಜಿಲ್ಲೆಗೆ ಇನ್ನೂ ಹತ್ತಿರದ ಪಾಠವೊಂದಿದೆ. ಗರ್ಭಿಣಿಯರ ಬಿಪಿ ಏರಿ ತಾಯಿ, ಮಗು ಸಾಯುವುದನ್ನು ತಪ್ಪಿಸಲು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಕ್ಲಿಪ್ ಎಂಬ ಪ್ರಯೋಗ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇದರ ಮುಂದಾಳತ್ವ ವಹಿಸಿತ್ತು. ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳು ಮನೆಮನೆಗೆ ಹೋಗಿ ಮೊಬೈಲ್ ಆ್ಯಪ್ ಬಳಸಿ ಅಪಾಯ ಅಳೆದರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ, ಶ್ರದ್ಧೆಯಿಂದ ನಡೆದ ಕೆಲಸವದು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದು ಇಷ್ಟು: ತಾಯಿ, ಶಿಶುಗಳ ಸಾವುನೋವಿನ ಒಟ್ಟು ಲೆಕ್ಕದಲ್ಲಿ ಇಳಿಕೆ ಕಾಣಲಿಲ್ಲ. ಅಪಾಯ ಇದೆಯೆಂದು ಮನೆಯ ಪಡಸಾಲೆಯಲ್ಲಿ ಗೊತ್ತಾದರೆ ಸಾಲದು, ಗೊತ್ತಾದ ಮೇಲೆ ಹೋಗಿ ಮುಟ್ಟುವ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಎಂಬುದೂ ಮುಖ್ಯ. ತನ್ನದೇ ಜಿಲ್ಲೆಯಲ್ಲಿ ಕಲಿತ ಈ ಪಾಠವನ್ನು ಮಧುಮೇಹದ ವಿಷಯ ಬಂದ ಕೂಡಲೇ ಆಡಳಿತ ಮರೆಯುವುದು ಯಾಕೆ?

ಆ್ಯಪ್ ವಕೀಲರು ಕೊನೆಗೆ ಎತ್ತಿಹಿಡಿಯುವುದು 2013ರ ಎಸ್‌ಎಂಎಸ್ ಅಧ್ಯಯನವನ್ನು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 537 ಪುರುಷರ ಮೇಲೆ ಎರಡು ವರ್ಷ ಈ ಪ್ರಯೋಗ ನಡೆಸಿದರು. ನಿಯಮಿತವಾಗಿ ಸಂದೇಶ ಪಡೆದವರಲ್ಲಿ ಶೇ 18 ಮಂದಿಗೆ, ಪಡೆಯದವರಲ್ಲಿ ಶೇ 27 ಮಂದಿಗೆ ಮಧುಮೇಹ ಬಂತು. ಸಾಧನೆಯೇ ಸರಿ. ಆದರೆ ಆ 537 ಜನ ಯಾರು? ನೌಕರಿಯಲ್ಲಿದ್ದ, ಸ್ವಂತ ಫೋನಿದ್ದ, ಸಂದೇಶ ಓದಬಲ್ಲ ಗಂಡಸರು, ಇನ್ನೂ ರೋಗ ಬರದವರು. ಅದೇ ವಿಧಾನವನ್ನು ಮುಂದೆ ಭಾರತ ಮತ್ತು ಬ್ರಿಟನ್‌ನ 2,062 ಜನರ ಮೇಲೆ ದೊಡ್ಡದಾಗಿ ಪರೀಕ್ಷಿಸಿದರು. 2020ರಲ್ಲಿ ಬಂದ ಆ ಫಲಿತಾಂಶದಲ್ಲಿ ರೋಗ ತಡೆಯುವ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಭಾಷಣಗಳಲ್ಲಿ ಮೊದಲ ಅಧ್ಯಯನ ಮಾತ್ರ ಬರುತ್ತದೆ, ಎರಡನೆಯದರ ಹೆಸರೇ ಎತ್ತುವುದಿಲ್ಲ. ಅರ್ಧ ಪುರಾವೆ ತೋರಿಸಿ ಪೂರ್ತಿ ಯೋಜನೆ ಮಾರುವುದಕ್ಕೆ ಜನಾರೋಗ್ಯ ಎಂಬ ಹೆಸರು ಒಪ್ಪುವುದಿಲ್ಲ.

ಇನ್ನು ಮನೆಮನೆಗೂ ಫೋನ್ ಇದೆ ಎಂಬ ಮಾತು. ಮನೆಯಲ್ಲಿ ಫೋನ್ ಇರುವುದು ಬೇರೆ, ರೋಗಿಯ ಕೈಯಲ್ಲಿ ಫೋನ್ ಇರುವುದು ಬೇರೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 62ರಷ್ಟು ಪುರುಷರು ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದಾಗಿ ಹೇಳಿದರು. ಮಹಿಳೆಯರಲ್ಲಿ ಹಾಗೆ ಹೇಳಿದವರು ಶೇ 35 ಮಾತ್ರ. ಹಳ್ಳಿಯ ಮಹಿಳೆಯರನ್ನಷ್ಟೇ ಲೆಕ್ಕ ಹಾಕಿದರೆ ನಾಲ್ವರಲ್ಲಿ ಒಬ್ಬಳು. ಈ ಸಮೀಕ್ಷೆ ಕೇಳಿದ್ದು 49 ವರ್ಷದೊಳಗಿನ ಮಹಿಳೆಯರನ್ನು. ಮಧುಮೇಹ ಹೆಚ್ಚು ಕಾಡುವುದು ಐವತ್ತು, ಅರವತ್ತು ದಾಟಿದವರನ್ನು. ಅವರ ಲೆಕ್ಕವನ್ನು ಯಾರು ಹಿಡಿದಿದ್ದಾರೆ?

ಈ ತಾಲ್ಲೂಕುಗಳ ಯಾವ ಓಣಿಗೆ ಹೋದರೂ ಕಾಣುವ ನೋಟ ಒಂದೇ. ಆಶಾ ಕಾರ್ಯಕರ್ತೆ ಕಟ್ಟೆ ಮೇಲೆ ಕುಳಿತು ಅಜ್ಜಿಗೆ ಆಭಾ ಎಂಬ ಡಿಜಿಟಲ್ ಆರೋಗ್ಯ ಕಾರ್ಡ್ ಮಾಡಿಸಲು ಆಧಾರ್ ಸಂಖ್ಯೆ ಒತ್ತುತ್ತಾಳೆ. “ಆಯಿ, ಫೋನ್‌ನ್ಯಾಗ ಒಂದ್ ನಂಬರ್ ಬಂದೈತೇನ್ ನೋಡ್ರಿ” ಎಂದು ಕೇಳುತ್ತಾಳೆ. “ಫೋನ್ ನನ್ ಮಗನ ಕಡೆ ಐತಿ ಯವ್ವಾ, ಅಂವ ಗೋವಾದಾಗ ಅದಾನ” ಎಂಬ ಉತ್ತರ ಬರುತ್ತದೆ. ದುಡಿಯಲು ಗೋವಾಕ್ಕೆ ಹೋದ ಮಗನಿಗೆ ಫೋನ್ ಹಚ್ಚಿ, ಅವನು ಕೆಲಸ ಬಿಟ್ಟು ಓಟಿಪಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇಡೀ ಹೊತ್ತಿನಲ್ಲಿ ಅಜ್ಜಿಯ ಪಾದ ಯಾರೂ ನೋಡಿರುವುದಿಲ್ಲ. ಹೋದ ತಿಂಗಳ ಗುಳಿಗೆ ಮುಗಿದು ಎಷ್ಟು ದಿನವಾಯಿತು ಎಂದು ಕೇಳುವುದಕ್ಕೂ ಪುರುಸೊತ್ತು ಇರುವುದಿಲ್ಲ.

ಆಶಾ ಕಾರ್ಯಕರ್ತೆಯ ತಪ್ಪು ಇದರಲ್ಲಿ ಏನೂ ಇಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರ ಸಮುದಾಯ ಆಧಾರಿತ ತಪಾಸಣಾ ಪಟ್ಟಿಯನ್ನು ಆಕೆ ತುಂಬಬೇಕು. ವಯಸ್ಸು, ತಂಬಾಕು, ಮದ್ಯ, ವಾರಕ್ಕೆ 150 ನಿಮಿಷ ವ್ಯಾಯಾಮ ಇದೆಯೋ ಇಲ್ಲವೋ, ಅಪ್ಪ ಅವ್ವನಿಗೆ ಬಿಪಿ ಶುಗರ್ ಇತ್ತೋ ಇಲ್ಲವೋ. ಟೇಪ್ ಹಿಡಿದು ಸೊಂಟದ ಅಳತೆ ತೆಗೆಯಬೇಕು. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಂಕ ಏರುತ್ತದೆ. ಒಟ್ಟು ಅಂಕ ನಾಲ್ಕು ಮೀರಿದವರನ್ನು ತಪಾಸಣೆಗೆ ಮೊದಲು ಕಳಿಸಬೇಕು. ಇದೆಲ್ಲ ಒಳ್ಳೆಯ ಕೆಲಸವೇ. ಆದರೆ ಒಂದೇ ವಿವರವನ್ನು ಕಾಗದದಲ್ಲೂ ಬರೆದು, ಪೋರ್ಟಲ್‌ಗೂ ಏರಿಸಿ, ಸರ್ವರ್ ಸಿಗದೆ ರಾತ್ರಿ ಮನೆಯಲ್ಲಿ ಕುಳಿತು ಮತ್ತೆ ತುಂಬುವ ಶ್ರಮಕ್ಕೆ ಬೆಲೆ ಕಟ್ಟಿದವರು ಯಾರು? 2025ರ ಜನವರಿಯಲ್ಲಿ ರಾಜ್ಯದ ಸಾವಿರಾರು ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತರು. ತಿಂಗಳಿಗೆ 15,000 ರೂಪಾಯಿ ಗೌರವಧನ ಅವರ ಮುಖ್ಯ ಬೇಡಿಕೆ. ಪೋರ್ಟಲ್‌ನಲ್ಲಿ ದಾಖಲಾಗದ ಕಾರಣ ಮಾಡಿದ ಕೆಲಸಕ್ಕೂ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬುದು ಅವರ ಇನ್ನೊಂದು ದೂರು. ಡಿಜಿಟಲ್ ಆರೋಗ್ಯದ ಭಾರ ಹೊತ್ತವರೇ ಬೀದಿಯಲ್ಲಿ ಕುಳಿತು ಈ ಮಾತು ಹೇಳಿದರು. ಕೇಳಿಸಿಕೊಂಡವರು ಎಷ್ಟು ಮಂದಿ?

ಆ್ಯಪ್ ಸುಲಭವಾಗಿ ಎಣಿಸಬಲ್ಲದ್ದನ್ನು ಎಣಿಸುತ್ತದೆ: ಹೆಜ್ಜೆ, ತೂಕ, ಸಕ್ಕರೆಯ ಅಂಕಿ. ಮಧುಮೇಹ ಮನುಷ್ಯನನ್ನು ಕೊಲ್ಲುವುದು, ಕುಂಟಾಗಿಸುವುದು, ಕುರುಡಾಗಿಸುವುದು ಬೇರೆ ದಾರಿಗಳಲ್ಲಿ. ನರ ಸತ್ತ ಪಾದಕ್ಕೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಸವದತ್ತಿಯ ಎರೆಭೂಮಿಯಲ್ಲಿ ಬರಿಗಾಲಲ್ಲಿ ನಡೆಯುವ ರೈತನಿಗೆ ಕೊಯ್ದ ಜೋಳದ ಕೂಳೆ ಚುಚ್ಚಿದರೆ ಉರಿ ಇಲ್ಲ, ನೋವಿಲ್ಲ. ವಾರ ಕಳೆದು ವಾಸನೆ ಬಂದಾಗಲೇ ಗಾಯ ಕಣ್ಣಿಗೆ ಬೀಳುತ್ತದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರಲ್ಲಿ ಬರಿಗಾಲಲ್ಲೇ ಗುಡ್ಡ ಏರುವವರು ಎಷ್ಟೋ. ಅವರಲ್ಲಿ ಪಾದದ ಸ್ಪರ್ಶ ಕಳೆದುಕೊಂಡವರನ್ನು ಪತ್ತೆ ಹಚ್ಚಲು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಸಾಕು. ನರ್ಸ್ ರೋಗಿಯ ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ, ಪಾದದ ಮುಂಭಾಗಕ್ಕೆ ಆ ಎಳೆ ತಾಗಿಸುತ್ತಾಳೆ, ಎಳೆ ಬಾಗುವವರೆಗೆ ಒತ್ತುತ್ತಾಳೆ, “ತಾಗಿತೇನ್ರಿ?” ಎಂದು ಕೇಳುತ್ತಾಳೆ. ಎರಡೂ ಪಾದಕ್ಕೆ ಐದು ನಿಮಿಷವೂ ಬೇಡ. ಬೆರಳ ಸಂದಿ ಬಿಡಿಸಿ ನೋಡುವುದಕ್ಕೆ, ಉಗುರು ಒಳಗೆ ಬೆಳೆದಿದೆಯೇ ಎಂದು ಪರೀಕ್ಷಿಸುವುದಕ್ಕೆ ಇನ್ನೆರಡು ನಿಮಿಷ. ಒಂದು ಕಾಲು ಉಳಿಸಬಲ್ಲ ಈ ಪರೀಕ್ಷೆಗೆ ಸಿಗ್ನಲ್ ಬೇಕಿಲ್ಲ, ಸಾಫ್ಟ್‌ವೇರ್ ಬೇಕಿಲ್ಲ. ಯಾವ ಆ್ಯಪ್ ಇದನ್ನು ಮಾಡಬಲ್ಲದು?

ಕಣ್ಣಿನ ಮಾತೂ ಹಾಗೆಯೇ. ಮಧುಮೇಹಿಯ ಅಕ್ಷಿಪಟಲವನ್ನು ವರ್ಷಕ್ಕೊಮ್ಮೆ ನೋಡಬೇಕು. ದೃಷ್ಟಿ ಮಂಜಾದ ಮೇಲೆ ನೋಡಿದರೆ ಬಹಳಷ್ಟು ಕಳೆದುಹೋಗಿರುತ್ತದೆ. ಮೂತ್ರಪಿಂಡ ಸೋಲುತ್ತಿರುವುದನ್ನು ಮೂತ್ರದ ಅಲ್ಬುಮಿನ್ ಪರೀಕ್ಷೆ ಮೊದಲೇ ಹೇಳುತ್ತದೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಇಲ್ಲದೆ ಮಾತ್ರೆಯ ಪ್ರಮಾಣ ಬದಲಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಇವೆಲ್ಲಕ್ಕೂ ರಾಮದುರ್ಗದವರು ನೂರು ಕಿಲೋಮೀಟರ್ ಆಸುಪಾಸಿನ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಗೋ ಮುಖ ಮಾಡಬೇಕಾದರೆ, ಒಂದು ದಿನದ ಪಗಾರ ಹೋಯಿತು, ಜತೆಗೆ ಬಂದವರ ಪಗಾರವೂ ಹೋಯಿತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಬಸ್ಸು ಉಚಿತವಾಯಿತು. ಹಳ್ಳಿಯ ಮಧುಮೇಹಿ ಮಹಿಳೆಗೆ ಆ ಶೂನ್ಯ ಟಿಕೆಟ್ ಕೊಟ್ಟಷ್ಟು ನೆರವನ್ನು ಯಾವ ಆರೋಗ್ಯ ಆ್ಯಪೂ ಕೊಟ್ಟಿಲ್ಲ. ಬಸ್ಸಿಳಿದ ಜಾಗದಲ್ಲಿ ಪರೀಕ್ಷೆ, ಔಷಧಿ ಇರಬೇಕಾದದ್ದು ಇನ್ನೊಂದು ಅರ್ಧ. ಆ ಅರ್ಧವನ್ನು ಪೂರ್ತಿ ಮಾಡುವುದು ಬಿಟ್ಟು, ಬಸ್ಸೇ ಬೇಡ ಮೊಬೈಲ್ ಸಾಕು ಎನ್ನುವವರು ಈ ಊರುಗಳ ಹೆಂಗಸರಿಗೆ ದ್ರೋಹ ಬಗೆಯುತ್ತಿದ್ದಾರೆ.

ಊಟದ ಸಲಹೆಯನ್ನು ತೆಗೆದುಕೊಳ್ಳಿ. ಅಕ್ಕಿ ಕಡಿಮೆ ಮಾಡಿ, ಓಟ್ಸ್ ತಿನ್ನಿ, ಸಲಾಡ್ ಹೆಚ್ಚಿಸಿ ಎನ್ನುತ್ತದೆ ಆ್ಯಪ್. ಈ ಸೀಮೆಯ ಜನ ತಲೆತಲಾಂತರದಿಂದ ಉಂಡದ್ದು ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಜುಣಕ, ಹಕ್ಕರಿಕಿ, ಮೆಂತ್ಯೆ ಸೊಪ್ಪು, ಮಜ್ಜಿಗೆ. ಮಧುಮೇಹಿಗೆ ಇದಕ್ಕಿಂತ ಒಳ್ಳೆಯ ತಟ್ಟೆಯನ್ನು ಹೊರಗಿನಿಂದ ಯಾರೂ ತಂದುಕೊಡಬೇಕಿಲ್ಲ. ಆ ತಟ್ಟೆ ಬದಲಾದದ್ದು ಹೇಗೆ? 2013ರಲ್ಲಿ ಬಂದ ಅನ್ನಭಾಗ್ಯ ಹಸಿವು ನೀಗಿತು, ಅದು ದೊಡ್ಡ ಕೆಲಸ. ಆದರೆ ಪಡಿತರ ಅಂಗಡಿಯಿಂದ ಮನೆಗೆ ಮುಖ್ಯವಾಗಿ ಬಂದದ್ದು ಅಕ್ಕಿ. ನೀರಾವರಿ ಬಂದಲ್ಲಿ ಕಬ್ಬು ಹಬ್ಬಿತು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಿಂದ ಹಿಡಿದು ಮುನವಳ್ಳಿಯ ಕಾರ್ಖಾನೆವರೆಗೆ ಈ ಭಾಗದ ದುಡ್ಡಿನ ಲೆಕ್ಕ ಕಬ್ಬಿನ ಸುತ್ತ ತಿರುಗುತ್ತದೆ. ಹೊಲದಲ್ಲಿ ಜೋಳ ಕಡಿಮೆಯಾದರೆ ಬುಟ್ಟಿಯಲ್ಲಿ ರೊಟ್ಟಿಯೂ ಕಡಿಮೆಯಾಗುತ್ತದೆ. ಸರಕಾರ ಕೊಟ್ಟ ಅಕ್ಕಿಯನ್ನು ಉಣ್ಣಬೇಡ ಎಂದು ಸರಕಾರದ್ದೇ ಆರೋಗ್ಯ ಸಂದೇಶ ಹೇಳಿದರೆ ಬಡವಿ ಯಾವುದನ್ನು ಕೇಳಬೇಕು? ಪಡಿತರದಲ್ಲಿ ಈ ಜಿಲ್ಲೆಯ ಜೋಳವನ್ನೇ, ಬೆಂಬಲ ಬೆಲೆಗೆ ಇಲ್ಲಿಯ ರೈತನಿಂದಲೇ ಕೊಂಡು ವರ್ಷವಿಡೀ ಕೊಡುವುದು ಮಧುಮೇಹದ ಯೋಜನೆ. ಸಂದೇಶ ಕಳಿಸುವುದು ಯೋಜನೆಯಲ್ಲ.

ದಿನಕ್ಕೆ ಅರ್ಧ ತಾಸು ನಡೆಯಿರಿ ಎಂಬ ಉಪದೇಶವೂ ಹೀಗೆಯೇ ತಪ್ಪು ವಿಳಾಸಕ್ಕೆ ಹೋಗುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿ ಕಸ ತೆಗೆದು ಬಂದ ಕೂಲಿ ಹೆಂಗಸಿಗೆ ಹೆಜ್ಜೆ ಎಣಿಸುವ ಸಾಧನದಿಂದ ಏನು ಪ್ರಯೋಜನ? ಮಗ್ಗದ ಗುಂಡಿಯಲ್ಲಿ ಹತ್ತು ಹನ್ನೆರಡು ತಾಸು ಕಾಲಾಡಿಸುವ ನೇಕಾರ ಎದ್ದು ನಡೆದರೆ ಅಂದಿನ ಸೀರೆ ಮುಗಿಯುವುದಿಲ್ಲ. ಅವರ ದುಡಿಮೆಯ ತಾಸು, ಅವರ ಕೂಲಿಯ ದರ ಬದಲಾಗದೆ ದೇಹ ಬದಲಾಗು ಎಂದರೆ ಬದಲಾಗದು.

ಖರ್ಚಿನ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ್ಯಪ್ ಪುಕ್ಕಟೆ ಎನ್ನುತ್ತಾರೆ. ಆ್ಯಪಿಗೆ ತುಂಬುವ ಅಂಕಿ ಬರಬೇಕಾದರೆ ಗ್ಲುಕೋಮೀಟರ್ ಬೇಕು, ಪ್ರತಿ ಸಲ ಹೊಸ ಸ್ಟ್ರಿಪ್ ಬೇಕು. ಮೆಡಿಕಲ್ ಅಂಗಡಿಯಲ್ಲಿ ಒಂದು ಸ್ಟ್ರಿಪ್ಪಿಗೆ ಹದಿನೈದು, ಇಪ್ಪತ್ತು ರೂಪಾಯಿ. ತೋಳಿಗೆ ಅಂಟಿಸುವ ನಿರಂತರ ಗ್ಲುಕೋಸ್ ಮಾಪಕದ ಸೆನ್ಸರ್‌ಗೆ ಕೆಲವು ಸಾವಿರ, ಅದೂ ಎರಡು ವಾರಕ್ಕೆ ಮುಗಿಯುತ್ತದೆ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೂ ಇದು ಹಳ್ಳಿಗೆ ತಕ್ಕ ತಂತ್ರಜ್ಞಾನ ಎನ್ನಲು ಮನಸ್ಸು ಬರುತ್ತದೆಯೇ?

ದುಡ್ಡಿಲ್ಲದವರ ಆಸೆಯನ್ನು ಮೋಸಗಾರರು ಬಳಸಿಕೊಳ್ಳುತ್ತಿದ್ದಾರೆ. ಚುಚ್ಚದೆ ಶುಗರ್ ತೋರಿಸುತ್ತದೆ ಎಂದು ಸಾವಿರ, ಎರಡು ಸಾವಿರಕ್ಕೆ ಕೈಗಡಿಯಾರ, ಉಂಗುರಗಳನ್ನು ಆನ್‌ಲೈನಿನಲ್ಲಿ ಮಾರುತ್ತಾರೆ. ಚರ್ಮ ಚುಚ್ಚದೆ ತಾನೇ ರಕ್ತದ ಸಕ್ಕರೆ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಅವನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿತು. ಸುಳ್ಳು ಅಂಕಿ ನಂಬಿ ಇನ್ಸುಲಿನ್ ಏರಿಸಿಕೊಂಡವನು ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಮೊಬೈಲೇ ವೈದ್ಯ ಎಂದು ವೇದಿಕೆಯಿಂದ ಸಾರಿದವರು ಈ ಮೋಸದ ಮಾರುಕಟ್ಟೆಗೆ ದಾರಿ ಮಾಡಿಕೊಟ್ಟಿದ್ದಾರೆ.

ರೋಗಿಯ ಗುಟ್ಟಿನ ಪ್ರಶ್ನೆಯೂ ಇದೆ. ಯಾರಿಗೆ ಯಾವ ರೋಗ, ಯಾವ ಔಷಧಿ, ಎಷ್ಟು ವರ್ಷದಿಂದ ಎಂಬ ವಿವರ ವಿಮಾ ಕಂಪನಿಗೂ ಔಷಧ ಮಾರುವವರಿಗೂ ಬಂಗಾರ. ಆರೋಗ್ಯ ಮಾಹಿತಿಯ ರಕ್ಷಣೆಗೆಂದೇ 2018ರಲ್ಲಿ ತಯಾರಾದ ‘ದಿಶಾ’ ಕರಡು ಮಸೂದೆ ಕಾನೂನಾಗಲಿಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರೋಗ್ಯದ ಮಾಹಿತಿಗೆ ಬೇರೆಯದೇ ಆದ ಬಿಗಿ ರಕ್ಷಣೆ ಕೊಡುವುದಿಲ್ಲ. ಇಂಗ್ಲಿಷಿನಲ್ಲಿರುವ ಹತ್ತಾರು ಪುಟದ ಷರತ್ತಿಗೆ ಹೆಬ್ಬೆರಳು ಒತ್ತಿದ್ದನ್ನು ಒಪ್ಪಿಗೆ ಎಂದು ಕರೆಯುವುದು ನ್ಯಾಯವೇ?

ಎಲ್ಲಕ್ಕಿಂತ ದೊಡ್ಡ ಕೆಡುಕು ಇನ್ನೊಂದಿದೆ. ಆ್ಯಪ್ ಬಂದ ಮೇಲೆ ತಪ್ಪಿತಸ್ಥ ಬದಲಾಗುತ್ತಾನೆ. ಸಂದೇಶ ಕಳಿಸಿದ್ದೆವು, ರೋಗಿ ಓದಲಿಲ್ಲ. ಆ್ಯಪ್ ಕೊಟ್ಟಿದ್ದೆವು, ರೋಗಿ ತುಂಬಲಿಲ್ಲ. ಸಲಹೆ ಹೇಳಿದ್ದೆವು, ರೋಗಿ ಪಾಲಿಸಲಿಲ್ಲ. ಔಷಧಿ ಕಪಾಟು ಬರಿದಾಗಿತ್ತು, ನರ್ಸ್ ಹುದ್ದೆ ಖಾಲಿ ಇತ್ತು, ಲ್ಯಾಬ್ ಟೆಕ್ನಿಷಿಯನ್ ಎರಡು ಕೇಂದ್ರ ನೋಡಿಕೊಳ್ಳುತ್ತಿದ್ದ ಎಂಬುದು ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವುದು ತಪಾಸಣೆಯಾದವರ ಸಂಖ್ಯೆ. ತಪಾಸಣೆಯಲ್ಲಿ ಸಕ್ಕರೆ 140 ದಾಟಿದವರಲ್ಲಿ ಎಷ್ಟು ಮಂದಿ ವೈದ್ಯರನ್ನು ಮುಟ್ಟಿದರು, ಮುಟ್ಟಿದವರಲ್ಲಿ ಎಷ್ಟು ಮಂದಿಗೆ ಆರು ತಿಂಗಳ ನಂತರವೂ ಗುಳಿಗೆ ಸಿಗುತ್ತಿದೆ, ಎಷ್ಟು ಮಂದಿಯ ಸಕ್ಕರೆ ಹತೋಟಿಗೆ ಬಂತು ಎಂಬ ಲೆಕ್ಕವನ್ನು ತಾಲ್ಲೂಕುವಾರು ಜನರ ಮುಂದಿಡುವ ಧೈರ್ಯ ಯಾಕಿಲ್ಲ?

ಮದ್ದು ಗೊತ್ತಿಲ್ಲದ ರೋಗವೇನೂ ಅಲ್ಲ ಇದು. ಮೆಟ್‌ಫಾರ್ಮಿನ್ 1957ರಿಂದ ಬಳಕೆಯಲ್ಲಿರುವ ಅಗ್ಗದ ಮಾತ್ರೆ. ಬ್ರಿಟನ್‌ನ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ತೋರಿಸಿದಂತೆ, ತೂಕ ಹೆಚ್ಚಿದ್ದ ಮಧುಮೇಹಿಗಳಲ್ಲಿ ಈ ಮಾತ್ರೆ ಮಧುಮೇಹ ಸಂಬಂಧಿ ಸಾವನ್ನು ಶೇ 42ರಷ್ಟು ತಗ್ಗಿಸಿತು. ಆಗ ಸ್ಮಾರ್ಟ್‌ಫೋನ್ ಹುಟ್ಟಿಯೇ ಇರಲಿಲ್ಲ. ಬಿಪಿಯ ವಿಷಯದಲ್ಲಿ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಗೆದ್ದು 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಪಡೆದದ್ದು ಯಾವುದರಿಂದ? ಎಲ್ಲ ಕೇಂದ್ರಗಳಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ತಪ್ಪದ ಔಷಧಿ ಪೂರೈಕೆ, ಒಮ್ಮೆ ಬಂದರೆ ಕನಿಷ್ಠ ಮೂವತ್ತು ದಿನದ ಮಾತ್ರೆ, ವೈದ್ಯರ ಜತೆ ನರ್ಸ್‌ಗೂ ಹೊಣೆ. ಅಲ್ಲೂ ಆ್ಯಪ್ ಇತ್ತು. ಅದು ಗುಳಿಗೆಯ ಹಿಂದೆ ನಡೆಯಿತು, ಗುಳಿಗೆಯ ಜಾಗಕ್ಕೆ ಬರಲಿಲ್ಲ.

ಪಕ್ಕದ ತಮಿಳುನಾಡನ್ನು ನೋಡಿ. 2021ರ ಆಗಸ್ಟ್ 5ರಂದು ಕರ್ನಾಟಕದ ಗಡಿಗೇ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಶುರುವಾಯಿತು. ಬಿಪಿ, ಶುಗರ್ ಇರುವವರ ಮನೆ ಬಾಗಿಲಿಗೇ ಮಾತ್ರೆ ಹೋಯಿತು, ನಡೆಯಲಾಗದವರ ಮನೆಗೆ ಫಿಸಿಯೋಥೆರಪಿಸ್ಟ್ ಹೋದರು. 2024ರಲ್ಲಿ ಅದಕ್ಕೂ ವಿಶ್ವಸಂಸ್ಥೆಯ ಮನ್ನಣೆ ಬಂತು. ಕರ್ನಾಟಕವೂ 2024ರಲ್ಲಿ ಕೋಲಾರದಲ್ಲಿ ‘ಗೃಹ ಆರೋಗ್ಯ’ ಆರಂಭಿಸಿ ಮರುವರ್ಷ ರಾಜ್ಯಕ್ಕೆ ವಿಸ್ತರಿಸಿತು. ದಾರಿ ಸರಿಯಾಗಿದೆ. ಆದರೆ ಮನೆಗೆ ಹೋದ ತಂಡ ರಕ್ತ ಪರೀಕ್ಷಿಸಿ, ಅಂಕಿ ಪೋರ್ಟಲ್‌ಗೆ ಏರಿಸಿ ಹೊರಟರೆ ಆ ಯೋಜನೆಯೂ ಡ್ಯಾಶ್‌ಬೋರ್ಡಿನಲ್ಲೇ ಮುಗಿಯುತ್ತದೆ. ತಿಂಗಳು ತಿಂಗಳು ಗುಳಿಗೆ ಮುಟ್ಟಿದರೆ ಮಾತ್ರ ಅದು ಆರೋಗ್ಯ ಯೋಜನೆ.

ಹಾಗಾದರೆ ಫೋನಿಗೆ ಕೆಲಸವೇ ಇಲ್ಲವೇ? ಇದೆ, ಅದು ಬಹಳ ಸಣ್ಣ ಕೆಲಸ. ಉಪಕೇಂದ್ರದ ಪರಿಚಯದ ನರ್ಸ್, “ಯವ್ವಾ, ಗುಳಿಗಿ ಮುಗದಾವೇನ? ಶುಕ್ರವಾರ ಬಾ, ಬಂದಾವು” ಎಂದು ಸಾದಾ ಫೋನಿಗೆ ಕರೆ ಮಾಡಿದರೆ ಸಾಕು. ಅದಕ್ಕೆ ಆ್ಯಪ್ ಬೇಡ, ಓಟಿಪಿ ಬೇಡ, ಓದು ಬರಹವೂ ಬೇಡ. ಆದರೆ ಆ ಕರೆ ಸುಳ್ಳಾಗಬಾರದು. ಶುಕ್ರವಾರ ಬಂದವಳಿಗೆ ಗುಳಿಗೆ ಇರಲೇಬೇಕು.

ನಾಲ್ಕೂ ತಾಲ್ಲೂಕುಗಳಲ್ಲಿ ಆಗಬೇಕಾದದ್ದು ಸ್ಪಷ್ಟವಾಗಿದೆ. ಪ್ರತಿ ಉಪಕೇಂದ್ರದಲ್ಲಿ ಮೂರು ತಿಂಗಳಿಗೆ ಸಾಲುವಷ್ಟು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿ ಮಾತ್ರೆಗಳ ದಾಸ್ತಾನು ಇರಬೇಕು, ದಾಸ್ತಾನಿನ ಲೆಕ್ಕ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಗಳಲ್ಲೂ ಕಿತ್ತೂರಿನ ಆಸ್ಪತ್ರೆಯಲ್ಲೂ ಎಚ್‌ಬಿಎ1ಸಿ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಪುಕ್ಕಟೆ ಆಗಬೇಕು, ಅಕ್ಷಿಪಟಲದ ಕ್ಯಾಮೆರಾ ಬರಬೇಕು. ಪ್ರತಿ ಮಧುಮೇಹಿಯ ಪಾದವನ್ನು ವರ್ಷಕ್ಕೊಮ್ಮೆಯಾದರೂ ನರ್ಸ್ ಮುಟ್ಟಿ ನೋಡಬೇಕು. ಯಲ್ಲಮ್ಮನ ಜಾತ್ರೆಗಳಲ್ಲಿ ಪಾದ ಪರೀಕ್ಷೆಯ ಕೇಂದ್ರ ತೆರೆಯಬೇಕು. ಆಶಾ ಕಾರ್ಯಕರ್ತೆಗೆ ಬದುಕಲು ಸಾಕಾಗುವ ಸಂಬಳ ಕೊಟ್ಟು, ಎರಡೆರಡು ಸಲ ತುಂಬುವ ಪೋರ್ಟಲ್ ಕೆಲಸದಿಂದ ಬಿಡಿಸಬೇಕು. ಇವಿಷ್ಟೂ ಆಗುವವರೆಗೆ ಮಧುಮೇಹದ ಹೆಸರಿನಲ್ಲಿ ಹೊಸ ಆ್ಯಪಿಗೆ ಒಂದು ರೂಪಾಯಿ ಕೂಡ ಸರಕಾರಿ ಹಣ ಹೋಗಕೂಡದು.

ಈ ತಾಲ್ಲೂಕುಗಳ ಶಾಸಕರಿಗೆ, ಪಂಚಾಯಿತಿ ಸದಸ್ಯರಿಗೆ, ಊರಿನ ಹಿರಿಯರಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ ಒಂದು ಮನವಿ. ಮುಂದಿನ ಗ್ರಾಮಸಭೆಯಲ್ಲಿ ಆರೋಗ್ಯಾಧಿಕಾರಿ ಎದುರು ಎದ್ದು ನಿಂತು ಕೇಳಿ: ಊರಿನಲ್ಲಿ ಶುಗರ್ ಇರುವವರು ಎಷ್ಟು, ಹೋದ ಮೂರು ತಿಂಗಳು ತಪ್ಪದೆ ಗುಳಿಗೆ ಪಡೆದವರು ಎಷ್ಟು, ಕಾಲು ಮತ್ತು ಕಣ್ಣು ಪರೀಕ್ಷೆಯಾದವರು ಎಷ್ಟು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಮೂರು ತಿಂಗಳ ನಂತರ ಮತ್ತೆ ಅದನ್ನೇ ಕೇಳಿ. ಹೊಸ ಆರೋಗ್ಯ ಆ್ಯಪಿನ ಉದ್ಘಾಟನೆಗೆ ಕರೆ ಬಂದರೆ ಮೊದಲು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಔಷಧಿ ಕಪಾಟು ತೆಗೆಸಿ ನೋಡಿ. ಅದು ಬರಿದಾಗಿದ್ದರೆ ವೇದಿಕೆ ಏರಬೇಡಿ.